ಉರಿಯುವ ಮನೆಯ ಗಳ

2025ರ ಜನವರಿ 6, ಸೋಮವಾರ. ಬೆಂಗಳೂರಿನಲ್ಲಿ ಎರಡು ಎಳೆಗೂಸುಗಳಿಗೆ ಎಚ್‌ಎಂಪಿವಿ ಎಂಬ ವೈರಾಣು ತಗುಲಿದೆಯೆಂಬ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಮುಂಬಯಿಗೆ ಬಂದು ಮುಟ್ಟಿತ್ತು. ಒಂದು ಮೂರು ತಿಂಗಳ ಹೆಣ್ಣು ಮಗು, ಇನ್ನೊಂದು ಎಂಟು ತಿಂಗಳ ಗಂಡು ಮಗು. ಅಂದು ಷೇರುಪೇಟೆ ಮುಚ್ಚುವಾಗ ಸಂವೇದಿ ಸೂಚ್ಯಂಕ 1,258 ಅಂಶ ಕುಸಿದಿತ್ತು. ರಾತ್ರಿ ಎಂಟೂವರೆಗೆ ನಮ್ಮ ಮನೆಯ ಫೋನು ಬಾರಿಸಿತು. ನಮ್ಮ ಸಂಘದ ಯುವ ವಿಭಾಗದ ಹುಡುಗ. ಒಳ್ಳೆಯ ಮನೆತನದವನು, ರಾಜ್ಯೋತ್ಸವದ ದಿನ ಯಾರೂ ಹೇಳದೆಯೇ ಕುರ್ಚಿ ಹೊರುವವನು.

"ಮಾವ, ನೀವು ಅಷ್ಟು ವರ್ಷ ಬ್ಯಾಂಕಿನಲ್ಲಿದ್ದವರು. ಈ ಹೊಸ ಕಾಯಿಲೆಗೆ ಯಾವ ಷೇರು ಏರಬಹುದು? ಪರೀಕ್ಷೆ ಮಾಡುವವರದೋ, ಆಸ್ಪತ್ರೆಯವರದೋ?"

ಆ ಕೂಸುಗಳು ಹೇಗಿವೆಯಂತೆ ಎಂದು ನಾನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಿದವನು, ಗೊತ್ತಿರಬೇಕಿತ್ತು ಎಂದು ನನ್ನ ದನಿಯಿಂದ ತಿಳಿದು ಸ್ವಲ್ಪ ತಡವರಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳಿಬ್ಬರೂ ಚೇತರಿಸಿಕೊಂಡರು. ಆ ವೈರಾಣುವೂ ಹೊಸದೇನಲ್ಲ. 2001ರಲ್ಲೇ ನೆದರ್ಲೆಂಡ್ಸಿನಲ್ಲಿ ಅದನ್ನು ಗುರುತಿಸಿದ್ದರು. ಪೇಟೆಯ ಅಂದಿನ ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಅವನ ಪ್ರಶ್ನೆ ಮಾತ್ರ ಅಂದಿನಿಂದ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ.

ಈಗ ಅದೇ ಯುವ ವಿಭಾಗವು ನಮ್ಮ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆಯನ್ನಿಟ್ಟಿದೆ. ಸಂಘದ ಸಭಾಗೃಹದಲ್ಲಿ ಮೂರು ಭಾನುವಾರ ಹೂಡಿಕೆಯ ಶಿಬಿರ. ಮೊದಲನೆಯ ದಿನ ಉಳಿತಾಯ ಮತ್ತು ವಿಮೆ. ಎರಡನೆಯ ದಿನ ಮ್ಯೂಚುವಲ್ ಫಂಡ್. ಮೂರನೆಯ ದಿನದ ವಿಷಯ 'ಮುಂದಿನ ಸಾಂಕ್ರಾಮಿಕಕ್ಕೆ ನಿಮ್ಮ ಹಣ ಸಿದ್ಧವಿದೆಯೇ?' ಮೊದಲ ಎರಡಕ್ಕೆ ನನ್ನದೇನೂ ಅಡ್ಡಿಯಿಲ್ಲ. ನಮ್ಮ ಹಿರಿಯರು ಹಣವನ್ನು ಚಿನ್ನದಲ್ಲಿ, ಚೀಟಿಯಲ್ಲಿ, ಊರಿನ ತೋಟದ ಬೇಲಿಯಲ್ಲಿ ಹಾಕಿ ಕೈ ಸುಟ್ಟುಕೊಂಡದ್ದು ಸಾಕು, ಮಕ್ಕಳು ತಿಳಿದುಕೊಳ್ಳಲಿ. ಮೂರನೆಯ ಭಾನುವಾರಕ್ಕೆ ನನ್ನ ವಿರೋಧವಿದೆ. ಸಮಿತಿಯಲ್ಲಿ ಎರಡು ಮಾತು ಹೇಳಿ ಕೂರುವುದಕ್ಕಿಂತ ಪತ್ರಿಕೆಯಲ್ಲೇ ಬರೆಯಿರಿ ಎಂದು ಕಾರ್ಯದರ್ಶಿಗಳು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದು ನಮ್ಮಲ್ಲೊಂದು ಮಾತಿದೆ. ಮಾಡಿಗೆ ಬೆಂಕಿ ಬಿದ್ದಿದೆ, ಮನೆಯವರು ಬಾವಿಯ ಕಡೆ ಓಡುತ್ತಿದ್ದಾರೆ, ಆಗ ಒಬ್ಬ ಬಂದು ಬಿದಿರಿನ ಗಳ ಎಳೆದುಕೊಂಡು ಹೋಗುತ್ತಾನೆ. ಬೆಂಕಿ ಅವನು ಹಚ್ಚಿದ್ದಲ್ಲ. ಗಳ ಹೇಗಿದ್ದರೂ ಸುಟ್ಟು ಹೋಗುತ್ತಿತ್ತು ಎಂದೂ ಅವನು ಹೇಳಬಹುದು. ಆದರೂ ಊರು ಅವನನ್ನು ನೆನಪಿಟ್ಟುಕೊಂಡಿತು.

2021ರ ಏಪ್ರಿಲ್ ತಿಂಗಳನ್ನು ನೆನೆದುಕೊಳ್ಳಿ. ನಮ್ಮಲ್ಲಿ ಮರೆತವರು ಯಾರೂ ಇರಲಾರರು. ಆಮ್ಲಜನಕದ ಸಿಲಿಂಡರಿಗಾಗಿ ಭಾಂಡುಪ, ಠಾಣೆ, ವಸಾಯಿಯೆನ್ನದೆ ಜನ ಓಡುತ್ತಿದ್ದ ದಿನಗಳು. ಆ ತಿಂಗಳು ಮುಂಬಯಿ ಷೇರುಪೇಟೆಯಲ್ಲಿ ಬಾಂಬೆ ಆಕ್ಸಿಜನ್ ಇನ್‌ವೆಸ್ಟ್‌ಮೆಂಟ್ಸ್ ಎಂಬ ಕಂಪನಿಯ ಷೇರು ದಿನದಿನಕ್ಕೆ ಏರತೊಡಗಿತು. ಮಾರ್ಚ್ ಕೊನೆಗೆ ಸುಮಾರು 10 ಸಾವಿರ ರೂಪಾಯಿ ಇದ್ದದ್ದು ಏಪ್ರಿಲ್ ಮೂರನೆಯ ವಾರಕ್ಕೆ 24 ಸಾವಿರ ದಾಟಿತು. ಕೊಂಡವರು ಕಂಡದ್ದು ಹೆಸರಿನಲ್ಲಿದ್ದ ಆಕ್ಸಿಜನ್ ಎಂಬ ಒಂದೇ ಪದ. ನಿಜ ಸಂಗತಿಯೇನೆಂದರೆ, 1960ರಲ್ಲಿ ಹುಟ್ಟಿದ ಆ ಕಂಪನಿ ಅನಿಲ ತಯಾರಿಸುವ ಮತ್ತು ಮಾರುವ ಕೆಲಸವನ್ನು 2019ರ ಆಗಸ್ಟಿನಿಂದಲೇ ನಿಲ್ಲಿಸಿತ್ತು. ಅದಕ್ಕೂ ಮೊದಲು, 2018ರಲ್ಲಿ, ಹೆಸರಿನ ಬಾಲವನ್ನೂ ಬದಲಾಯಿಸಿಕೊಂಡಿತ್ತು. ಅದರ ಆದಾಯ ಬರುತ್ತಿದ್ದದ್ದು ಬೇರೆ ಕಂಪನಿಗಳ ಷೇರು ಮತ್ತು ಫಂಡುಗಳಲ್ಲಿ ತೊಡಗಿಸಿದ ಹಣದಿಂದ. ಇದೇನೂ ಗುಟ್ಟಾಗಿರಲಿಲ್ಲ, ಕಂಪನಿಯೇ ಹೇಳಿಕೊಂಡಿತ್ತು. ಓದಿದವರಿಲ್ಲ. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂಬ ಗಾದೆ ಗೊತ್ತಿದ್ದ ಕನ್ನಡಿಗರೂ ಕೊಂಡರು. ನನ್ನ ಪರಿಚಯದ ಒಬ್ಬ ನಿವೃತ್ತ ಅಧಿಕಾರಿಗಳು 23 ಸಾವಿರ ಚಿಲ್ಲರೆಗೆ ನಾಲ್ಕು ಷೇರು ಕೊಂಡರು. ಎಷ್ಟಕ್ಕೆ ಮಾರಿದಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆದ ಪ್ರಹಸನವೂ ಅಲ್ಲ. ಹಿಂದಿನ ವರ್ಷ, 2020ರ ಮಾರ್ಚಿಯಲ್ಲಿ, ಅಮೆರಿಕದ ಷೇರುಪೇಟೆಯ ನಿಯಂತ್ರಕರು ಜೂಮ್ ಟೆಕ್ನಾಲಜೀಸ್ ಎಂಬ ಸಣ್ಣ ಕಂಪನಿಯ ವಹಿವಾಟನ್ನೇ ತಡೆಹಿಡಿಯಬೇಕಾಯಿತು. ಮನೆಯಲ್ಲಿ ಕೂತು ಮಾತಾಡುವ ಜೂಮ್ ಅದಲ್ಲ, ಇದು ಬೇರೆ. ಜನ ಹೆಸರು ನೋಡಿ ಕೊಂಡಿದ್ದರು.

ಏಪ್ರಿಲಿನಲ್ಲಿ ಇಲ್ಲಿ ಆಕ್ಸಿಜನ್ ಎಂಬ ಪದಕ್ಕೆ ಬೆಲೆ ಏರಿತು. ಎರಡೇ ವಾರ ಕಳೆದು, ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆ ವಸ್ತುವೇ ಸಾಲದೆ ಹೋಯಿತು. ಬೆಳಗಾಗುವಷ್ಟರಲ್ಲಿ 24 ರೋಗಿಗಳು ಸತ್ತ ಸುದ್ದಿ ಬಂತು. ಷೇರು ಕೊಂಡವರಿಗೂ ಆ ಸಾವುಗಳಿಗೂ ಸಂಬಂಧವಿಲ್ಲ ಎನ್ನುತ್ತೀರಿ. ಹೌದು, ಸಂಬಂಧವಿಲ್ಲ. ನನ್ನ ತಕರಾರಿರುವುದೇ ಆ ಸಂಬಂಧವಿಲ್ಲದಿರುವಿಕೆಯ ಬಗ್ಗೆ.

ಹೇಗೆಂದು ಹೇಳುತ್ತೇನೆ. "ನಾವು ಔಷಧ ಕಂಪನಿಯಲ್ಲಿ ಹಣ ಹಾಕುತ್ತೇವೆ, ಅದರಿಂದ ಕಂಪನಿ ಔಷಧ ಮಾಡುತ್ತದೆ, ಜನರಿಗೂ ಒಳ್ಳೆಯದು ನಮಗೂ ಒಳ್ಳೆಯದು" ಎಂದು ಆ ಹುಡುಗ ಫೋನಿನಲ್ಲಿ ವಾದಿಸಿದ. ಬ್ಯಾಂಕಿನ ಕೌಂಟರಿನಲ್ಲಿ ಜೀವ ಸವೆಸಿದವನಾಗಿ ಇಷ್ಟನ್ನು ಹೇಳಬಲ್ಲೆ: ಪೇಟೆಯಲ್ಲಿ ನೀವು ಕೊಳ್ಳುವ ಷೇರಿನ ಹಣ ಕಂಪನಿಗೆ ಹೋಗುವುದಿಲ್ಲ. ನಿನ್ನೆಯ ತನಕ ಆ ಷೇರು ಇಟ್ಟುಕೊಂಡಿದ್ದ ಮತ್ತೊಬ್ಬನ ಜೇಬಿಗೆ ಹೋಗುತ್ತದೆ. ಕಾರ್ಖಾನೆಯಲ್ಲಿ ಒಂದು ಬಾಟಲಿ ಹೆಚ್ಚಿಗೆ ತುಂಬುವುದಿಲ್ಲ, ಪ್ರಯೋಗಶಾಲೆಯಲ್ಲಿ ಒಂದು ದೀಪ ಹೆಚ್ಚಿಗೆ ಉರಿಯುವುದಿಲ್ಲ. ಕಂಪನಿಯೇ ಹೊಸ ಷೇರು ಹೊರಡಿಸಿದಾಗ ಮಾತ್ರ ನಿಮ್ಮ ದುಡ್ಡು ಅದರ ಕೈ ಸೇರುತ್ತದೆ. ಅಮೆರಿಕದ ಮೊಡೆರ್ನಾ ಕಂಪನಿ 2020ರ ಮೇ 18ರಂದು ಹಾಗೆ ಮಾಡಿತು. ಅಂದು ಬೆಳಿಗ್ಗೆ ಎಂಟು ಜನ ಸ್ವಯಂಸೇವಕರ ರಕ್ತಪರೀಕ್ಷೆಯ ಸಿಹಿಸುದ್ದಿ ಹೊರಬಂತು, ಷೇರು ನೂರಕ್ಕೆ ಇಪ್ಪತ್ತರಂತೆ ಏರಿತು, ಸಂಜೆ ಕಂಪನಿ ಹೊಸ ಷೇರು ಮಾರಲು ಹೊರಟಿತು. 76 ಡಾಲರಿನಂತೆ 134 ಕೋಟಿ ಡಾಲರ್ ಎತ್ತಿತು. ಆ ಹಣ ಲಸಿಕೆ ತಯಾರಿಕೆಗೇ ಹೋಯಿತೆಂದು ನಾನೂ ಒಪ್ಪುತ್ತೇನೆ. ಆದರೆ ಅದೇ ಲಸಿಕೆಗೆ ಅಮೆರಿಕ ಸರ್ಕಾರ ತೆರಿಗೆದಾರರ ಹಣದಿಂದ ಆ ವರ್ಷ ಕೊಟ್ಟದ್ದು, ಕೊಡಲು ಒಪ್ಪಿದ್ದು ಇನ್ನೂ ಹೆಚ್ಚು.

ನಮ್ಮ ದೇಶದ ಕಥೆ ಇನ್ನೂ ಸ್ವಾರಸ್ಯದ್ದು. ಭಾರತದಲ್ಲಿ ಹಾಕಿದ 220 ಕೋಟಿಗೂ ಮಿಕ್ಕಿದ ಡೋಸುಗಳಲ್ಲಿ ಬಹುಪಾಲು ಬಂದದ್ದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಿಂದ. ಅನಂತರದ ಸ್ಥಾನ ಹೈದರಾಬಾದಿನ ಭಾರತ್ ಬಯೋಟೆಕ್ಕಿನದು. ಆಗ ಈ ಎರಡು ಕಂಪನಿಗಳ ಪೈಕಿ ಒಂದಾದರೂ ಷೇರುಪೇಟೆಯ ಪಟ್ಟಿಯಲ್ಲಿತ್ತೇ? ಇರಲಿಲ್ಲ. ಪುಣೆಯ ನಮ್ಮ ಬಂಧುಗಳು ಹಡಪಸರದ ಆ ಗೇಟಿನ ಮುಂದೆ ದಿನಾ ಬಸ್ಸಿನಲ್ಲಿ ಹೋಗಿಬಂದರೂ ಅದರ ಒಂದು ಷೇರನ್ನು ಪೇಟೆಯಲ್ಲಿ ಕೊಳ್ಳುವಂತಿರಲಿಲ್ಲ. ಕೊವ್ಯಾಕ್ಸಿನ್ನಿಗೆ ಬೇಕಾದ ವೈರಾಣುವನ್ನು ಬೇರ್ಪಡಿಸಿ ಕೊಟ್ಟದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಸರ್ಕಾರದ ಐಸಿಎಂಆರ್. ಹಾಗಾದರೆ ಆ ಎರಡು ವರ್ಷ ನಮ್ಮ ಜನ ಮುಗಿಬಿದ್ದು ಕೊಂಡದ್ದೇನು? ಲಸಿಕೆಯ ಸುತ್ತಮುತ್ತಲಿನ ಗಾಳಿಸುದ್ದಿಯನ್ನು. 2020ರ ಮಾರ್ಚಿಯಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಡಿಮ್ಯಾಟ್ ಖಾತೆಗಳಿದ್ದವು. 2022ರ ಮಾರ್ಚಿಗೆ 9 ಕೋಟಿಯ ಹತ್ತಿರ ಬಂದವು. ಮನೆಯಿಂದ ಹೊರಗೆ ಕಾಲಿಡುವಂತಿಲ್ಲ, ಕೈಯಲ್ಲಿ ಮೊಬೈಲಿದೆ. ಹಿಂದೆ ಸಟ್ಟಾ ಆಡಲು ದಲಾಲ್ ಸ್ಟ್ರೀಟಿನ ಮೆಟ್ಟಿಲ ತನಕವಾದರೂ ಹೋಗಬೇಕಿತ್ತು.

ಸಟ್ಟಾ ಎಂದೆ. ಈ ಪದಕ್ಕೆ ಕೆಲವರು ಮುನಿಸಿಕೊಳ್ಳಬಹುದು. 2020ರ ಜೂನ್ 22ರ ಸೋಮವಾರವನ್ನು ತೆಗೆದುಕೊಳ್ಳಿ. ಹಿಂದಿನ ಶನಿವಾರ ಗ್ಲೆನ್‌ಮಾರ್ಕ್ ಕಂಪನಿ ಕೊರೋನಾಕ್ಕೆಂದು ಫ್ಯಾಬಿಫ್ಲೂ ಗುಳಿಗೆಯನ್ನು ಬಿಡುಗಡೆ ಮಾಡಿತ್ತು, ಒಂದಕ್ಕೆ 103 ರೂಪಾಯಿ. ಸೋಮವಾರ ಪೇಟೆ ತೆರೆದಾಗ ಷೇರು ಒಂದು ಹಂತದಲ್ಲಿ ನೂರಕ್ಕೆ 40ರಷ್ಟು ಏರಿತು, ಸಂಜೆಗೆ ಒಂದಿಷ್ಟು ಇಳಿಯಿತು. ಬೆಳಿಗ್ಗೆ ತುದಿಯಲ್ಲಿ ಕೊಂಡವನು ಸಂಜೆಗೆ ಕೈ ಹಿಸುಕಿಕೊಂಡ. ಜುಲೈಯಲ್ಲಿ ಔಷಧ ನಿಯಂತ್ರಕರು ಬೆಲೆ ಮತ್ತು ಪ್ರಚಾರದ ಬಗ್ಗೆ ಕಂಪನಿಯಿಂದ ವಿವರಣೆ ಕೇಳಿದರು. 2021ರ ಮೇ ತಿಂಗಳಲ್ಲಿ ಏಮ್ಸ್ ಮತ್ತು ಐಸಿಎಂಆರ್ ಹೊರಡಿಸಿದ ಚಿಕಿತ್ಸಾಸೂಚಿಯಲ್ಲಿ ಆ ಔಷಧದ ಹೆಸರೇ ಇರಲಿಲ್ಲ. ಇನ್ನು ಮೊಡೆರ್ನಾ, ನಿಜವಾಗಿಯೂ ಒಳ್ಳೆಯ ಲಸಿಕೆ ಮಾಡಿದ ಕಂಪನಿ. ಅದರ ಷೇರು 2021ರ ಆಗಸ್ಟಿನಲ್ಲಿ 480 ಡಾಲರು ಮುಟ್ಟಿತು. 2024ರ ಕೊನೆಗೆ ಸುಮಾರು 40. ಲಸಿಕೆ ಗೆದ್ದಿತು, ರೋಗ ಇಳಿಯಿತು, ಷೇರು ಬಿತ್ತು. ಇದರಲ್ಲಿ ಆಶ್ಚರ್ಯವೇನಿದೆ? ರೋಗ ಇರುವ ತನಕ ಮಾತ್ರ ಬೆಲೆಯಿರುವ ಕಾಗದವದು.

ಮೊದಲು ತಿಳಿದವರು ನಾವಲ್ಲ ಎಂಬುದೂ ಗೊತ್ತಿರಲಿ. ಅಮೆರಿಕದ ಸೆನೆಟಿನ ಗುಪ್ತಚರ ಸಮಿತಿಗೆ ಆಗ ಅಧ್ಯಕ್ಷರಾಗಿದ್ದ ರಿಚರ್ಡ್ ಬರ್ 2020ರ ಫೆಬ್ರವರಿ 13ರಂದು ಒಂದೇ ದಿನ 33 ವಹಿವಾಟುಗಳಲ್ಲಿ ತಮ್ಮ ಷೇರುಗಳನ್ನು ಮಾರಿದರು. ವಾರ ಕಳೆದ ಮೇಲೆ ಪೇಟೆ ಕುಸಿಯಿತು. ತನಿಖೆ ನಡೆಯಿತು, 2021ರ ಜನವರಿಯಲ್ಲಿ ಯಾವ ಆರೋಪವನ್ನೂ ಹೊರಿಸದೆ ಅಲ್ಲಿನ ನ್ಯಾಯಾಂಗ ಇಲಾಖೆ ಅದನ್ನು ಮುಚ್ಚಿತು. ಅವರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ, ಕಾನೂನು ಹಾಗೆ ಹೇಳಿಲ್ಲ. ಆದರೆ ದಾದರಿನ ಸ್ಟೇಷನ್ನಿನ ಸೇತುವೆ ಇಳಿಯುತ್ತ ವಾಟ್ಸಪ್ಪಿನಲ್ಲಿ "ಈ ಷೇರು ಬಿಡಬೇಡಿ" ಎಂಬ ಸಂದೇಶ ಓದುವ ನಮ್ಮ ಗೃಹಸ್ಥನು ಆ ಸಾಲಿನಲ್ಲಿ ಎಷ್ಟನೆಯವನು?

ನಷ್ಟವಾಗುತ್ತದೆ, ಆದ್ದರಿಂದ ಬೇಡ ಎಂಬುದಷ್ಟೇ ನನ್ನ ವಾದವೆಂದು ತಿಳಿಯಬೇಡಿ. ಲಾಭವಾದರೂ ಬೇಡವೆನ್ನುತ್ತೇನೆ. ಇದನ್ನು ಹೇಳಲು ನನ್ನದೇ ಒಂದು ಸಂಗತಿಯನ್ನು ಬಿಚ್ಚಿಡಬೇಕಾಗಿದೆ.

2021ರ ಏಪ್ರಿಲಿನಲ್ಲಿ ನಾನೂ ಕೊಂಡೆ. ಒಂದು ಔಷಧ ಕಂಪನಿ, ಹೆಸರು ಬೇಡ. 80 ಸಾವಿರ ರೂಪಾಯಿ ಹಾಕಿದೆ. ನಮ್ಮ ಸೊಸೈಟಿಯ ಎರಡನೆಯ ಮಹಡಿಯ ಗೃಹಸ್ಥರಿಗೆ ಮನೆಯಲ್ಲೇ ಸಿಲಿಂಡರ್ ಇಟ್ಟಿದ್ದ ದಿನಗಳವು. ಬೆಳಿಗ್ಗೆ ಎದ್ದು ಟೀವಿಯಲ್ಲಿ ದೇಶದ ಒಟ್ಟು ಸೋಂಕಿನ ಅಂಕಿ ನೋಡುವುದು, ಒಂಬತ್ತೂಕಾಲಿಗೆ ಮೊಬೈಲಿನಲ್ಲಿ ಷೇರಿನ ಬೆಲೆ ನೋಡುವುದು. ಅಂಕಿ ದಿನಕ್ಕೆ 3 ಲಕ್ಷ ದಾಟಿತು, ಮೇ ತಿಂಗಳು ಹುಟ್ಟುವಾಗ 4 ಲಕ್ಷ ದಾಟಿತು. ಷೇರೂ ಏರಿತು. ಮೇ ಎರಡನೆಯ ವಾರ ಒಂದು ಬೆಳಿಗ್ಗೆ ಅಂಕಿ ಇಳಿದಿತ್ತು. ನನ್ನ ಬಾಯಿಂದ "ಛೆ" ಎಂದು ಬಂತು.

ಕಾಫಿ ತಂದ ಮನೆಯಾಕೆ "ಏನಾಯಿತು?" ಎಂದಳು.

"ಕಡಿಮೆಯಾಗಿದೆ."

"ಕಡಿಮೆಯಾದರೆ ಛೆ ಯಾಕೆ?"

ನನಗೆ ಉತ್ತರ ಹೊಳೆಯಲಿಲ್ಲ. ಎರಡನೆಯ ಮಹಡಿಯವರು ಆ ವೇಳೆಗೆ ತೀರಿಕೊಂಡು ಐದು ದಿನವಾಗಿತ್ತು. ಮಾರನೆಯ ದಿನ ಷೇರು ಮಾರಿಬಿಟ್ಟೆ. ಹನ್ನೊಂದು ಸಾವಿರ ಚಿಲ್ಲರೆ ಲಾಭವೇ ಆಯಿತು. ನಷ್ಟವಾದ ಹೊಟ್ಟೆಯುರಿಯಿಂದ ಬರೆಯುತ್ತಿದ್ದಾನೆಂದು ಯಾರೂ ಹೇಳದಿರಲೆಂದು ಇದನ್ನು ಬರೆದೆ. ಆ ಹಣವನ್ನು ಏನು ಮಾಡಿದೆನೆಂಬುದು ಇಲ್ಲಿ ಬೇಡ. ಅದನ್ನು ಹೇಳಿಕೊಂಡರೆ ಬೇರೆ ಬಗೆಯ ಲಾಭವಾದೀತು.

ಇನ್ನು ಎದುರು ವಾದಗಳು. ಹುಡುಗ ಚುರುಕಿನವನು, ಸುಮ್ಮನೆ ಬಿಡಲಿಲ್ಲ. "ಮಾವ, ಚಟ್ಟ ಕಟ್ಟುವವನೂ ಸಾವಿನಿಂದಲೇ ಬದುಕುತ್ತಾನೆ. ವೈದ್ಯ, ಔಷಧದಂಗಡಿಯವ, ಆಂಬುಲೆನ್ಸಿನ ಡ್ರೈವರ್, ಎಲ್ಲರೂ ರೋಗದಿಂದಲೇ ಉಣ್ಣುವವರು. ಅವರು ಪಾಪಿಗಳೇ?" ಎಂದ. ಅಲ್ಲವೇ ಅಲ್ಲ. ಚಟ್ಟ ಕಟ್ಟುವವನು ಬಿದಿರು ತರುತ್ತಾನೆ. ನಡುರಾತ್ರಿ ಕರೆದರೂ ಬರುತ್ತಾನೆ. ಆ ಎರಡು ವರ್ಷ ಹೆತ್ತ ಮಕ್ಕಳೇ ಮುಟ್ಟಲು ಅಂಜಿದ ಹೆಣಗಳನ್ನು ಅವನು ಮುಟ್ಟಿದ. ಅವನ ಕೂಲಿ ನ್ಯಾಯದ ಕೂಲಿ. ಏರುವ ಷೇರನ್ನು ಹಿಡಿದು ಕೂತ ನಾನು ಏನು ತಂದೆ? ಅವನು ಗಳ ತಂದುಕೊಟ್ಟವನು. ನಾನು ಎಳೆದುಕೊಂಡು ಹೋದವನು.

ಔಷಧದಂಗಡಿಯವನ ಮಾತು ಬಂದದ್ದರಿಂದ ಇನ್ನೊಂದು. 2020ರ ಮಾರ್ಚ್ 13ರಂದು ಕೇಂದ್ರ ಸರ್ಕಾರ ಮಾಸ್ಕು ಮತ್ತು ಸ್ಯಾನಿಟೈಸರುಗಳನ್ನು ಅಗತ್ಯ ವಸ್ತುಗಳ ಕಾಯಿದೆಯೊಳಗೆ ತಂದಿತು. ಮೂರು ಪದರದ ಮಾಸ್ಕಿಗೆ 10 ರೂಪಾಯಿ ಮೀರಬಾರದು, 200 ಮಿಲಿಲೀಟರ್ ಸ್ಯಾನಿಟೈಸರಿಗೆ 100 ರೂಪಾಯಿ ಮೀರಬಾರದು ಎಂದು ಕಟ್ಟು ಮಾಡಿತು. ಮೀರಿದ ಅಂಗಡಿಯವರ ಮೇಲೆ ಪೊಲೀಸರು ಬಂದರು, ಪತ್ರಿಕೆಗಳು ಅವರನ್ನು ಕಾಳಸಂತೆಕೋರರೆಂದು ಕರೆದವು, ನಾವೂ ಕರೆದೆವು. ಅದೇ ತಿಂಗಳು ಅದೇ ಬೆಲೆಯೇರಿಕೆಯನ್ನು ನೆಚ್ಚಿ ಸ್ಯಾನಿಟೈಸರ್ ಕಂಪನಿಯ ಷೇರು ಕೊಂಡವನನ್ನು ಜಾಣನೆಂದು ಕರೆದೆವು. ಷೇರು ಕೊಂಡವನು ಯಾರ ಮುಖದ ಮಾಸ್ಕನ್ನೂ ಕಸಿಯಲಿಲ್ಲ, ಆ ವ್ಯತ್ಯಾಸ ದೊಡ್ಡದು, ಒಪ್ಪಿದೆ. ಆದರೆ ಇಬ್ಬರೂ ಕಾದದ್ದು ಒಂದನ್ನೇ.

"ನಿಮ್ಮ ಪ್ರಾವಿಡೆಂಟ್ ಫಂಡು, ಮ್ಯೂಚುವಲ್ ಫಂಡುಗಳಲ್ಲಿ ಔಷಧ ಕಂಪನಿಗಳಿಲ್ಲವೇ?" ಇದೂ ಅವನದೇ ಪ್ರಶ್ನೆ. ಇರಬಹುದು. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ವರ್ಷವಿಡೀ ಮಾತ್ರೆ ಮಾಡುವ ಕಂಪನಿಯಲ್ಲಿ ಹತ್ತು ವರ್ಷ ಹಣವಿಟ್ಟು ಲಾಭಾಂಶ ತೆಗೆದುಕೊಳ್ಳುವವರನ್ನು ನಾನು ಆಕ್ಷೇಪಿಸುತ್ತಿಲ್ಲ. ಆ ಕಂಪನಿಗೆ ಕೆಲಸಗಾರರಿದ್ದಾರೆ, ಅದು ಉಳಿಯಬೇಕು, ಬೆಳೆಯಬೇಕು. ಅಲ್ಲಿ ಹಣವಿಟ್ಟವನು ಯಾವ ಊರಿನಲ್ಲೂ ಯಾರೂ ಹೊಸದಾಗಿ ಮಲಗಲೆಂದು ಬೇಡುವ ಅಗತ್ಯವಿಲ್ಲ. ನಾನು ಹೇಳುತ್ತಿರುವುದು ಸುದ್ದಿ ಕೇಳಿ ಕೊಳ್ಳುವವನ ಮಾತು. ಅವನ ಲೆಕ್ಕದಲ್ಲಿ ರೋಗ ಹರಡಬೇಕು, ಅದೂ ಪೇಟೆ ಎಣಿಸಿದ್ದಕ್ಕಿಂತ ಹೆಚ್ಚಾಗಿ ಹರಡಬೇಕು. ಎಣಿಸಿದಷ್ಟೇ ಹರಡಿದರೆ ಅವನಿಗೆ ದಕ್ಕುವುದು ಏನೂ ಇಲ್ಲ.

ಆ ಕಂಪನಿಗಳೊಳಗೆ ಏನು ನಡೆಯುತ್ತದೆಂದು ನೋಡುವವರೂ ಕಡಿಮೆ. ರಬ್ಬರ್ ಕೈಗವಸು ಮಾಡುವ ಮಲೇಷ್ಯದ ಟಾಪ್ ಗ್ಲೋವ್ ಕಂಪನಿಯ ತ್ರೈಮಾಸಿಕ ಲಾಭ 2020ರ ಕೊನೆಗೆ ಹಿಂದಿನ ವರ್ಷದ ಇಪ್ಪತ್ತು ಪಟ್ಟಾಯಿತು. ಅದೇ ನವೆಂಬರಿನಲ್ಲಿ ಅದರ ಕಾರ್ಮಿಕರ ವಸತಿಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಜನರಿಗೆ ಕೊರೋನಾ ತಗುಲಿ, 28 ಕಾರ್ಖಾನೆಗಳನ್ನು ಹಂತಹಂತವಾಗಿ ಮುಚ್ಚಬೇಕಾಯಿತು. ಬಹುಪಾಲು ನೇಪಾಳ, ಬಾಂಗ್ಲಾದೇಶಗಳಿಂದ ಬಂದವರು. ಇಕ್ಕಟ್ಟಿನ ಕೋಣೆಗಳಲ್ಲಿ ಮಂಚದ ಮೇಲೆ ಮಂಚ. ಜಗತ್ತಿನ ವೈದ್ಯರ ಕೈ ಕಾಯುವ ಗವಸು ಮಾಡಿದವರು ಅವರು. ಊರು ಬಿಟ್ಟು ಬಂದು, ಹೋಟೆಲಿನ ಮಾಳಿಗೆಯಲ್ಲಿ ಹದಿನೈದು ಜನ ಒಟ್ಟಿಗೆ ಮಲಗಿ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಮಕ್ಕಳು ಮೊಮ್ಮಕ್ಕಳು ನಾವು. ಆ ಮಂಚಗಳ ಮಾತು ನಮಗೆ ತಿಳಿಯದ್ದಲ್ಲ.

ರೋಗದ ಕಾಲದಲ್ಲಿ ಬಂಡವಾಳವೇ ಬೇಡವೆಂದು ನಾನು ಹೇಳುತ್ತಿಲ್ಲವೆಂಬುದಕ್ಕೆ ಈ ನಗರದ್ದೇ ಒಂದು ದೃಷ್ಟಾಂತ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾಕ್ಟರ್ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಹಾಫ್‌ಕಿನ್ ಎಂಬ ವಿಜ್ಞಾನಿ ಬೈಕುಲ್ಲಾದ ವೈದ್ಯಕೀಯ ಕಾಲೇಜಿನ ಒಂದು ಕೋಣೆಯಲ್ಲಿ ಕೂತು ಲಸಿಕೆ ಮಾಡಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡರು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪನೆಯಾಯಿತು. ಅದು ಸಾಲಪತ್ರ ಮಾರಿ ಹಣ ಎತ್ತಿತು, ಕೊಂಡವರಿಗೆ ಗೊತ್ತಾದ ಬಡ್ಡಿ ಬಂತು. ರೋಗ ಹೆಚ್ಚಿದರೆ ಬಡ್ಡಿಯೇನೂ ಹೆಚ್ಚುತ್ತಿರಲಿಲ್ಲ. ಆ ಟ್ರಸ್ಟಿನ ಯೋಜನೆಯಿಂದಲೇ ಗಾಳಿ ಬೆಳಕಿರುವ ದಾದರ್–ಮಾತುಂಗಾ ಬಡಾವಣೆಗಳೆದ್ದವು. ಮಾತುಂಗದ ಆ ಅಗಲ ರಸ್ತೆಗಳಲ್ಲಿ ಕನ್ನಡಿಗರು ಮನೆ ಮಾಡಿದರು, ಸಂಘ ಕಟ್ಟಿದರು, ನಾಟಕವಾಡಿದರು. ಟ್ರಸ್ಟೂ ಬಡವರ ಚಾಳುಗಳನ್ನು ಕೆಡವಿದಷ್ಟು ವೇಗದಲ್ಲಿ ಕಟ್ಟಲಿಲ್ಲವೆನ್ನಿ; ಅದು ಬೇರೆ ಜಗಳ. ಆದರೆ ಅಲ್ಲಿಟ್ಟ ಹಣ ಗೋಡೆಯಾಯಿತು, ಕಿಟಕಿಯಾಯಿತು.

ಕೊನೆಯದಾಗಿ, ಯಾವ ಷೇರೂ ಏರದ ಒಂದು ರೋಗದ ಮಾತು. ನನ್ನ ಅಕ್ಕನನ್ನು ಕೊಟ್ಟಿರುವುದು ಸಾಗರದ ಕಡೆಗೆ. ಅಲ್ಲಿ ಚಳಿಗಾಲ ಮುಗಿಯುತ್ತ ಬಂದಂತೆ ಕಾಡಿನಲ್ಲಿ ಮಂಗ ಸತ್ತಿದೆಯೇ ಎಂದು ಜನ ವಿಚಾರಿಸುತ್ತಾರೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ರೋಗವಿದು. ಲೋಕಕ್ಕೆಲ್ಲ ಕ್ಯಾಸನೂರು ಕಾಡಿನ ಕಾಯಿಲೆ, ನಮಗೆ ಮಂಗನ ಕಾಯಿಲೆ. ಉಣುಗು ಕಚ್ಚಿ ಬರುತ್ತದೆ. ದರಗು ಗುಡಿಸಲು, ಸೌದೆಗೆ, ದನ ಹೊಡೆಯಲು ಕಾಡಿಗೆ ಹೋಗುವವರಿಗೆ ಬರುತ್ತದೆ. 2018ರ ಕೊನೆಯಿಂದ 2019ರ ಬೇಸಿಗೆಯ ತನಕ ಸಾಗರ ತಾಲೂಕಿನ ಅರಳಗೋಡಿನಲ್ಲಿ ಹಲವರು ಸತ್ತರು. ಅಕ್ಕನ ಮನೆಯ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸೊಬ್ಬಳು ತಿಂಗಳುಗಟ್ಟಲೆ ಮಲಗಿ ಎದ್ದಳು. ಸರ್ಕಾರ ಕೊಡುತ್ತಿದ್ದ ಹಳೆಯ ಲಸಿಕೆ ಮತ್ತೆ ಮತ್ತೆ ಚುಚ್ಚಿಸಿಕೊಂಡರೂ ಸಾಕಷ್ಟು ಕಾಯುತ್ತಿರಲಿಲ್ಲ. 2022ರಲ್ಲಿ ಅದನ್ನು ನಿಲ್ಲಿಸಿದರು. ಅನಂತರ ಕೈಯಲ್ಲುಳಿದದ್ದು ಮೈಗೆ ಸವರಿಕೊಳ್ಳುವ ಡೇಪಾ ಎಣ್ಣೆ. ರೋಗ ಕಂಡು 65 ವರ್ಷ ದಾಟಿದರೂ ಒಂದು ಗಟ್ಟಿ ಲಸಿಕೆಯಿಲ್ಲದೆ ಮಲೆನಾಡಿನ ಜನ ಕಾದರು. ಹೊಸದರ ಕೆಲಸ ಈಗ ನಡೆದಿರುವುದು ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ. ಅದು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಒಡೆತನದ್ದು. ಅಂದರೆ ಇಲ್ಲೂ ಮುಂದೆ ಬಂದದ್ದು ಸಾರ್ವಜನಿಕರ ದುಡ್ಡೇ.

ಪೇಟೆ ಏಕೆ ಬರಲಿಲ್ಲ? ಕಾರಣ ಸರಳ. ಸಾಯುವವರು ಕೆಲವರು, ಅವರಲ್ಲೂ ಹೆಚ್ಚಿನವರು ಕೂಲಿಯವರು. ಅವರ ರೋಗದ ಮೇಲೆ ಹಣ ಹಾಕಿ ಲಾಭವಿಲ್ಲ. "ಈ ವರ್ಷ ಅರಳಗೋಡಿನಲ್ಲಿ ಹೆಚ್ಚಾಗಿದೆಯಂತೆ, ಯಾವ ಷೇರು ತೆಗೆದುಕೊಳ್ಳಲಿ?" ಎಂದು ಯಾರೂ ನನಗೆ ಫೋನು ಮಾಡಿದ್ದಿಲ್ಲ. ನಮ್ಮ ಸಂಘದಲ್ಲಿ ಸಾಗರ, ಸೊರಬ, ತೀರ್ಥಹಳ್ಳಿಗಳ ಕಡೆಯವರು ಮೂವತ್ತು ಮನೆಯಾದರೂ ಇದ್ದೇವೆ. ಅಲ್ಲಿನ ಅಂಕಿಯನ್ನು ಬೆಳಿಗ್ಗೆ ಎದ್ದು ನೋಡಿದವರು ನಮ್ಮಲ್ಲಿ ಎಷ್ಟು ಜನ?

ಸಮಿತಿಗೆ ನನ್ನ ಸೂಚನೆ ಇದು. ಮೂರನೆಯ ಭಾನುವಾರವನ್ನು ಕೈಬಿಡಬೇಡಿ, ವಿಷಯವನ್ನು ಬದಲಾಯಿಸಿ. ಮಂಗನ ಕಾಯಿಲೆಯ ಬಗ್ಗೆ ಕೆಲಸ ಮಾಡಿದ ವೈದ್ಯರೊಬ್ಬರನ್ನು ಊರಿನಿಂದ ಕರೆಸೋಣ. ಈ ರೋಗ ಈಗ ನಮ್ಮ ಪಕ್ಕದ ಸಿಂಧುದುರ್ಗ, ಗೋವೆಗಳಲ್ಲೂ ಕಾಣಿಸಿಕೊಂಡಿದೆ. ಎರಡನೆಯ ದರ್ಜೆಯ ರೈಲು ಟಿಕೇಟು ನನ್ನದು. 2020ರ ಏಪ್ರಿಲಿನಲ್ಲಿ ಇದೇ ಸಭಾಗೃಹದಲ್ಲಿ, ಹೋಟೆಲುಗಳು ಮುಚ್ಚಿ ಕೆಲಸ ಕಳೆದುಕೊಂಡ ನಮ್ಮ ಹುಡುಗರಿಗೆಂದು ಅಕ್ಕಿ, ಬೇಳೆ, ಎಣ್ಣೆಯ ಪೊಟ್ಟಣ ಕಟ್ಟಿದೆವು. ಯಾರ್‍ಯಾರಿಗೆ ಕೊಟ್ಟೆವೆಂದು ಬರೆದಿಟ್ಟ ರಿಜಿಸ್ಟರು ಕೋಶಾಧಿಕಾರಿಗಳ ಬೀರುವಿನಲ್ಲಿ ಈಗಲೂ ಇದೆ. ಫೋನು ಮಾಡಿದ ಹುಡುಗನ ಅಕ್ಷರವೂ ಅದರಲ್ಲಿದೆ. ಆಗ ಅವನು ಹತ್ತನೆಯ ತರಗತಿ ಮುಗಿಸಿದ್ದ, ಮುಖಕ್ಕೆ ಅಮ್ಮ ಹೊಲಿದ ಬಟ್ಟೆಯ ಮಾಸ್ಕು ಕಟ್ಟಿಕೊಂಡು ಬರುತ್ತಿದ್ದ. ಸೂಚನೆಯ ಪರವಾಗಿ ತಾನೇ ಮಾತಾಡುತ್ತೇನೆಂದು ಅವನು ನನಗೆ ಹೇಳಿದ್ದಾನೆ. ಮಾತಾಡಲಿ. ಸಭೆ ಬರುವ ತಿಂಗಳ ಎರಡನೆಯ ಭಾನುವಾರ ಸಂಜೆ ಐದಕ್ಕೆ. ನಾನು ವಿರೋಧವಾಗಿ ಕೈ ಎತ್ತುತ್ತೇನೆ.